ರಾಣಿಯ ಕಾಲಿನ ಹೆಬ್ಬೆರಳು

ಮೂಳೆಗೆ ವಾಸನೆಯಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮೊದಲ ಆರು ತಿಂಗಳು ನಾನು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ಗೊರಗುಂಟೆಪಾಳ್ಯದಿಂದ ಹೆಬ್ಬಾಳದ ಕಡೆಗೆ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಎರಡರಲ್ಲೂ ನನಗೆ ಕಿಟಕಿ ಪಕ್ಕದ ಸೀಟು ತಾನಾಗಿಯೇ ಸಿಗುತ್ತಿತ್ತು. ಕೆಲಸದಿಂದ ಆದ ಲಾಭ ಅಂದರೆ ಅದೊಂದೇ ಎಂದು ಆಗ ಅಂದುಕೊಂಡಿದ್ದೆ.

ಕಾಲೇಜಿನವರು ಮೊನ್ನೆ ಬಂದು, ಜಯಮ್ಮನವರೇ, ನಿಮ್ಮ ಸೇವೆಯ ಬಗ್ಗೆ ನಾಲ್ಕು ಪುಟ ಬರೆದುಕೊಡಿ ಅಂದರು. ಯಾವಾಗ ಬಡ್ತಿ ಸಿಕ್ಕಿತು, ಯಾರ ಕೈಯಲ್ಲಿ ಶಾಲು ಹೊದಿಸಿಕೊಂಡೆ, ಅದೆಲ್ಲ ಅವರಿಗೆ ಬೇಕಂತೆ. ಅದು ಆಫೀಸಿನ ಫೈಲಿನಲ್ಲಿದೆ, ಅಲ್ಲೇ ನೋಡಿಕೊಳ್ಳಿ ಎಂದೆ. ನಾನು ಬರೆಯುತ್ತಿರುವುದು ಮೂಳೆ ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ. ಬೇರೆಯವರು ಓದಿದರೆ ಬೇಡ ಅನ್ನುವುದಿಲ್ಲ.

ಪ್ರಾಣಿಶಾಸ್ತ್ರ ವಿಭಾಗದ ಹಿಂದೆ, ಹುಣಸೆಮರದ ಕೆಳಗೆ ಹೆಂಚಿನ ಒಂದು ಉದ್ದ ಕೋಣೆ ಇತ್ತು. ಸತ್ತ ಪ್ರಾಣಿಗಳನ್ನು ನೀರಿನ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಮಾಂಸ ಕಳಚಿದ ಮೇಲೆ ಮೂಳೆಗಳನ್ನು ತೊಳೆದು, ಬಿಳಿ ಮಾಡಿ, ಹಿತ್ತಾಳೆ ತಂತಿಯಲ್ಲಿ ಪೋಣಿಸಿ ಇಡೀ ಅಸ್ಥಿಪಂಜರ ಜೋಡಿಸುವುದು ಅಲ್ಲಿನ ಕೆಲಸ. ವಿದ್ಯಾರ್ಥಿಗಳು ಮ್ಯೂಸಿಯಮ್ಮಿನಲ್ಲಿ ಗಾಜಿನ ಹಿಂದೆ ನೋಡುವ ಹಸು, ನಾಯಿ, ಹಾವು ಎಲ್ಲವೂ ಆ ಕೋಣೆಯಲ್ಲಿ ಎದ್ದು ನಿಂತವು. ನನ್ನ ಗಂಡ ಅದೇ ವಿಭಾಗದಲ್ಲಿ ಅಟೆಂಡರ್ ಆಗಿದ್ದರು. ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟರು. ಆಗ ನನಗೆ ಇಪ್ಪತ್ತನಾಲ್ಕು, ಮಗಳು ಮಂಗಳೆ ಎದೆಹಾಲು ಕುಡಿಯುವ ಕೂಸು. ಎಪ್ಪತ್ತರ ದಶಕದ ನಡುಭಾಗ ಅದು. ಅನುಕಂಪದ ಮೇಲೆ ನನಗೆ ಮೂಳೆ ಕೋಣೆಯ ಸಹಾಯಕಿಯ ಕೆಲಸ ಕೊಟ್ಟರು, ಅದೂ ತಾತ್ಕಾಲಿಕ.

ಆ ಆದೇಶದ ಕೊನೆಯಲ್ಲೊಂದು ಸಾಲಿತ್ತು. ಕೋಣೆಯ ಹಿರಿಯ ಕೆಲಸಗಾರರು ನಿವೃತ್ತರಾಗುವ ಮೊದಲು, ಈಕೆ ಯಾರ ಸಹಾಯವೂ ಇಲ್ಲದೆ ಅಸ್ಥಿಪಂಜರ ಜೋಡಿಸಬಲ್ಲಳು ಎಂದು ಅವರೇ ಬರೆದುಕೊಡಬೇಕು. ಇಲ್ಲದಿದ್ದರೆ ಹುದ್ದೆ ರದ್ದು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ, ಜೊತೆಗೆ ಅತ್ತೆ ಮತ್ತು ಕೂಸು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಕಾಗದ ಮಡಿಕೆಯಲ್ಲಿ ಹರಿದುಹೋಗಿತ್ತು.

ಆ ಹಿರಿಯ ಕೆಲಸಗಾರರೇ ಫಕೀರಪ್ಪ ಮಾಸ್ತರು. ಗದಗಿನ ಕಡೆಯವರು, ಒಂಟಿ ಮನುಷ್ಯ, ಕೆಂಪಾಪುರದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದರು. ಬಿಳಿ ಟೋಪಿ, ಮೊಣಕೈವರೆಗೆ ಮಡಿಚಿದ ಅಂಗಿ. ಮೊದಲ ದಿನ ನಾನು ಕೈಕಟ್ಟಿಕೊಂಡು ನಿಂತು, "ಮಾಸ್ತರೇ, ಏನು ಮಾಡಬೇಕು, ಹೇಳಿಕೊಡಿ" ಎಂದೆ.

"ಹೇಳಿ ಕೊಡೂದಲ್ಲವಾ ಇದು. ನೋಡಿ ಕಲೀಬೇಕು" ಅಂದರು. ಅಂದವರೇ ಬೆನ್ನು ತಿರುಗಿಸಿ ಕೂತರು.

ಸರಿ, ನೋಡೋಣ ಅಂದರೆ ಏನನ್ನು ನೋಡುವುದು? ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಕಸ ಗುಡಿಸುವ ನೆಪದಲ್ಲಿ ಎಡಕ್ಕೆ ಹೋಗುತ್ತಿದ್ದೆ, ನೀರು ತರುವ ನೆಪದಲ್ಲಿ ಬಲಕ್ಕೆ ಹೋಗುತ್ತಿದ್ದೆ. ಇಣುಕಿ ಇಣುಕಿ ನನ್ನ ಕುತ್ತಿಗೆ ಉದ್ದವಾಯಿತೇ ಹೊರತು ತಲೆಗೆ ಏನೂ ಹೋಗಲಿಲ್ಲ. ಒಂದು ಮಾತ್ರ ಚೆನ್ನಾಗಿ ಗಮನಿಸಿದ್ದೆ. ಪ್ರತಿ ತಂತಿಯನ್ನೂ ಮೂಳೆಯ ತೂತಿಗೆ ಹಾಕುವ ಮುಂಚೆ ಮಾಸ್ತರು ಅದನ್ನು ಮೇಜಿನ ಅಂಚಿಗೆ ಮೂರು ಸಲ ಕುಟ್ಟುತ್ತಿದ್ದರು. ಟಕ್, ಟಕ್, ಟಕ್. ಇದರಲ್ಲೇ ಏನೋ ಗುಟ್ಟಿದೆ ಅಂದುಕೊಂಡು ನಾನೂ ಶ್ರದ್ಧೆಯಿಂದ ಕುಟ್ಟಲು ಶುರುಮಾಡಿದೆ.

ನನ್ನ ಮೊದಲ ಎಡವಟ್ಟನ್ನು ಹೇಳಿಬಿಡುತ್ತೇನೆ, ನಿಮಗೂ ಧೈರ್ಯ ಬರಲಿ. ಒಂದು ಕೋತಿಯ ಮೂಳೆಗಳನ್ನು ತೊಳೆದು ತಾರಸಿಯಲ್ಲಿ ಒಣಹಾಕಿದ್ದೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕಾಗೆಗಳು ಬಾಲದ ಮೂಳೆಗಳನ್ನೆಲ್ಲ ಎತ್ತಿಕೊಂಡು ಹೋಗಿದ್ದವು. ಹುಣಸೆಮರದ ಬುಡವೆಲ್ಲ ಹುಡುಕಿದರೂ ಒಂದು ತುಣುಕೂ ಸಿಗಲಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದು ಬಾಲವಿಲ್ಲದೆಯೇ ಜೋಡಿಸಲು ಕೂತೆ. ಮಾಸ್ತರು ಬಂದು ಬೆನ್ನೆಲುಬಿನ ತುದಿ ಮುಟ್ಟಿದರು.

"ಇದರ ಬಾಲ ಯಾರು ಕಡದ್ರು?" ಅಂದರು.

ನಾನು ಅಳಲು ಶುರುಮಾಡಿದೆ. ಅಷ್ಟರಲ್ಲಿ ವಿಭಾಗದ ಮುಖ್ಯಸ್ಥೆ ಲಲಿತಾ ಮೇಡಂ ಬಂದರು. ಎತ್ತರದ ಹೆಂಗಸು, ಯಾವಾಗಲೂ ಸೀಮೆಸುಣ್ಣದ ಪುಡಿ ಮೆತ್ತಿದ ಸೆರಗು. ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಜಯಾ, ನಮ್ಮ ಹಿರೀಕರ ಬಾಲ ಉದುರೋಕೆ ಎಷ್ಟು ಕಾಲ ಬೇಕಾಯ್ತು ಗೊತ್ತೇನೇ? ಎರಡು ಕೋಟಿ ವರ್ಷಕ್ಕೂ ಹಿಂದೆ ನಡೆದ ಕಥೆ ಅದು. ನೀನು ಊಟದ ಟೈಮಲ್ಲಿ ಮುಗಿಸ್ಬಿಟ್ಟಿದೀಯ!"

ನನಗೆ ಆಗ ಮಾತಿನ ಅರ್ಥವಾಗಲಿಲ್ಲ, ಬೈಯಲಿಲ್ಲವಲ್ಲ ಎಂಬ ಸಮಾಧಾನ ಅಷ್ಟೇ. ಸಂಜೆ ಮೇಡಂ ನನ್ನನ್ನು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ ಮನುಷ್ಯನ ಅಸ್ಥಿಪಂಜರದ ಹಿಂದೆ ನಿಲ್ಲಿಸಿದರು. ಬೆನ್ನಿನ ಕೆಳತುದಿಯಲ್ಲಿ ಒಳಕ್ಕೆ ಬಾಗಿದ ಒಂದು ಸಣ್ಣ ಗಂಟು. "ಬಾಲದಲ್ಲಿ ಉಳಿದಿದ್ದು ಇಷ್ಟು. ನಿಂಗೂ ಇದೆ, ನಂಗೂ ಇದೆ." ಆ ದಿನ ಬಸ್ಸಿನ ಸೀಟಿನಲ್ಲಿ ಕೂತಾಗ ನನಗೆ ಒಂಥರಾ ಆಯಿತು. ಎರಡು ಕೋಟಿ ವರ್ಷದ ಮೇಲೆ ಕೂತಿದ್ದೇನಲ್ಲಪ್ಪಾ ಎಂದು ಮೈ ಜುಮ್ಮೆಂದಿತು.

ರಾಣಿ ಬಂದದ್ದು ಮೂರನೆಯ ವರ್ಷದಲ್ಲಿ. ಯಶವಂತಪುರದ ಕಡೆ ಬಯಲಿನಲ್ಲಿ ಒಂದು ಸರ್ಕಸ್ಸು ಡೇರೆ ಹಾಕಿತ್ತು. ಅಲ್ಲಿನ ಚಿಂಪಾಂಜಿ ಜ್ವರ ಬಂದು ಸತ್ತಿತು. ಮೇಡಂ ಅವರಿಗೆ ಹೇಗೋ ಸುದ್ದಿ ಸಿಕ್ಕಿ, ಹೋಗಿ ಕೇಳಿ ಒಪ್ಪಿಸಿ ಬಂದರು. ಗೋಣಿಚೀಲದಲ್ಲಿ ಸುತ್ತಿ ಟೆಂಪೋದಲ್ಲಿ ತಂದರು. ಜೊತೆಗೆ ಅದನ್ನು ಪಳಗಿಸಿದ ಕಣ್ಣನ್ ಎಂಬಾತನೂ ಬಂದ. ಕೇರಳದವನು, ದೇಶವೆಲ್ಲ ಸುತ್ತಿ ಎಲ್ಲ ಭಾಷೆಯನ್ನೂ ಒಂದಿಷ್ಟು ಮಾತಾಡುತ್ತಿದ್ದ. ಅವನ ಕೈಯಲ್ಲಿ ಒಂದು ಕೆಂಪು ಫ್ರಾಕು ಇತ್ತು.

"ಇದು ರಾಣಿದು ಅಮ್ಮಾ. ಇದು ಹಾಕ್ಕೊಂಡು ಸೈಕಲ್ ಬಿಡ್ತಿತ್ತು" ಎಂದು ಫ್ರಾಕನ್ನು ನನ್ನ ಕೈಗೆ ಕೊಟ್ಟ. ಕೊಟ್ಟು, ತೊಟ್ಟಿಯ ಕಟ್ಟೆಯ ಮೇಲೆ ಕೂತು ಗಂಡಸು ಅನ್ನುವ ಸಂಕೋಚವಿಲ್ಲದೆ ಅತ್ತ. ನಾನು ಟೀ ತಂದುಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮಾತಾಡಿದ.

"ರಾಣಿಗೆ ಎಲ್ಲಾ ಬರ್ತಿತ್ತು ಅಮ್ಮಾ. ಬೀಗ ತೆಗೀತಿತ್ತು, ತಲೆ ಬಾಚ್ಕೊಳ್ತಿತ್ತು. ಹೋದ್ವರ್ಷ ಸರ್ಕಸ್ಸಿಗೆ ಒಂದು ಮರಿ ಬಂತು. ರಾಣಿ ಅದಕ್ಕೆ ಕಲಿಸುತ್ತೆ, ನಮ್ಗೆ ಕೆಲ್ಸ ಕಮ್ಮಿ ಆಗುತ್ತೆ ಅಂದ್ಕೊಂಡ್ವಿ. ಇಲ್ಲ. ಮರಿ ಪಕ್ಕದಲ್ಲೇ ಕೂತು ನೋಡ್ತಾ ಇರುತ್ತೆ, ನೋಡ್ತಾ ಇರುತ್ತೆ. ರಾಣಿ ಬೀಗ ತೆಗೆಯುತ್ತೆ, ಹೋಗುತ್ತೆ. ಎಷ್ಟು ಪ್ರೀತಿ ಗೊತ್ತಾ ಆ ಮರಿ ಮೇಲೆ? ತಿಂಡಿ ಬಿಟ್ಟುಕೊಡುತ್ತೆ, ಹೇನು ತೆಗೆಯುತ್ತೆ. ಆದ್ರೆ ಬಂತಾ ಇಲ್ವಾ ಅಂತ ಒಂದ್ಸಲ ಕೂಡ ತಿರುಗಿ ನೋಡ್ಲಿಲ್ಲ."

ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಯಾಕೆ ಎಂದು ಆಗ ಗೊತ್ತಾಗಲಿಲ್ಲ.

ಮಳೆಗಾಲ ಮುಗಿಯುವವರೆಗೂ ರಾಣಿ ತೊಟ್ಟಿಯಲ್ಲಿದ್ದಳು. ಮೂಳೆಗಳನ್ನು ತೊಳೆದು ಟ್ರೇಗಳಲ್ಲಿ ಹರಡಿದ ದಿನವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೇಡಂ ಮ್ಯೂಸಿಯಮ್ಮಿನಿಂದ ಬಿಡಿ ಮನುಷ್ಯ ಮೂಳೆಗಳ ಪೆಟ್ಟಿಗೆಯನ್ನೂ ತರಿಸಿದರು. "ಜಯಾ, ಎರಡು ಕೈನೂ ಪಕ್ಕಪಕ್ಕ ಇಡು. ಎಣಿಸ್ಕೊಂಡು ಇಡು" ಎಂದರು.

ಎಣಿಸಿದೆ. ಮನುಷ್ಯನ ಒಂದು ಕೈಯಲ್ಲಿ ಇಪ್ಪತ್ತೇಳು. ರಾಣಿಯ ಒಂದು ಕೈಯಲ್ಲಿ ಇಪ್ಪತ್ತೇಳು. ಮಣಿಕಟ್ಟಿನ ಕಡಲೆಕಾಳಿನಷ್ಟು ಸಣ್ಣ ಮೂಳೆಗೂ ಅಲ್ಲೊಂದು ಜೋಡಿ ಇತ್ತು. ರಾಣಿಯ ಬೆರಳು ಉದ್ದ, ಹೆಬ್ಬೆರಳು ಮೋಟು, ಅಷ್ಟೇ. ನನ್ನ ಕೈಯನ್ನೂ ಅವೆರಡರ ಪಕ್ಕ ಇಟ್ಟೆ. ಅದರೊಳಗೂ ಅವೇ ಇಪ್ಪತ್ತೇಳು ಇವೆಯಲ್ಲ ಎನ್ನಿಸಿತು. ಸರ್ಕಸ್ಸಿನಲ್ಲಿ ಸೈಕಲ್ಲು ಹಿಡಿದ ಕೈ, ನಾನು ರಾಗಿ ಮುದ್ದೆ ಕಟ್ಟುವ ಕೈ, ಎರಡಕ್ಕೂ ಒಂದೇ ಲೆಕ್ಕ.

"ಮಂಗನಿಂದ ಮನುಷ್ಯ ಆದ ಅಂತ ಹೇಳ್ತಾರಲ್ಲ ಮೇಡಂ" ಎಂದೆ.

"ಹಾಗಂತ ಯಾರಾದ್ರೂ ಅಂದ್ರೆ ಬೈದು ಕಳ್ಸು. ನಿನ್ನ ದೊಡ್ಡಪ್ಪನ ಮಗಳು ನಿನ್ನ ಅಮ್ಮ ಆಗ್ತಾಳೇನೇ? ಇವಳು ನಮ್ಮ ದಾಯಾದಿ. ಒಬ್ಬಳೇ ಅಜ್ಜಿ, ಮನೆ ಎರಡಾಯ್ತು. ಐವತ್ತೋ ಅರವತ್ತೋ ಲಕ್ಷ ವರ್ಷ ಆಯ್ತು ಪಾಲಾಗಿ. ಎಷ್ಟು ಅಂತ ಪಂಡಿತರು ಇನ್ನೂ ಕಿತ್ತಾಡ್ತಿದಾರೆ."

ಆಮೇಲೆ ಎರಡು ಬುರುಡೆಗಳನ್ನು ತಲೆಕೆಳಗು ಮಾಡಿ ಇಟ್ಟರು. ಬೆನ್ನುಹುರಿ ಹೊರಬರುವ ತೂತು ಮನುಷ್ಯನ ಬುರುಡೆಯಲ್ಲಿ ತಳದ ನಡುವೆ ಇತ್ತು. ರಾಣಿಯದರಲ್ಲಿ ಹಿಂದಕ್ಕೆ ಸರಿದಿತ್ತು. ನಮ್ಮ ತಲೆ ಕಂಬದ ಮೇಲೆ ಇಟ್ಟ ಕೊಡದಂತೆ ಬೆನ್ನೆಲುಬಿನ ಮೇಲೆ ಕೂರುತ್ತದೆ, ಅವಳದು ಮುಂದಕ್ಕೆ ತೂಗುತ್ತದೆ. ಸೊಂಟದ ಮೂಳೆ ನಮ್ಮದು ಗಿಡ್ಡ, ಬೋಗುಣಿಯಂತೆ ಹೊಟ್ಟೆಯನ್ನು ಹೊರುತ್ತದೆ. ಅವಳದು ಉದ್ದ, ಚಪ್ಪಟೆ. ತೊಡೆಯ ಮೂಳೆ ನಮಗೆ ಮಂಡಿಯ ಕಡೆಗೆ ಒಳಕ್ಕೆ ಓರೆಯಾಗಿ ಇಳಿಯುತ್ತದೆ, ಅದಕ್ಕೇ ಒಂದು ಕಾಲೆತ್ತಿದರೂ ನಾವು ಬೀಳುವುದಿಲ್ಲ. ಮೇಡಂ ಒಂದೊಂದನ್ನೂ ನನ್ನ ಕೈಗೆ ಕೊಟ್ಟು ತೋರಿಸಿದರು. "ಮೊದಲು ಎದ್ದು ನಿಂತ್ವಿ ಜಯಾ. ತಲೆ ದೊಡ್ಡದಾಗಿದ್ದು ಎಷ್ಟೋ ಲಕ್ಷ ವರ್ಷ ಆದ್ಮೇಲೆ" ಎಂದರು.

ಮಾಸ್ತರು ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ತಂತಿಯ ತುದಿ ತೂತಿಗೆ ಸಿಗದೆ ತಡವರಿಸುತ್ತಿದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ರಾಣಿಯನ್ನು ನಾನೇ ಜೋಡಿಸಬೇಕು, ಮುಂದಿನ ತಿಂಗಳ ಕೊನೆಗೆ ಪರಿಶೀಲನಾ ಸಮಿತಿ ಬಂದು ನೋಡುತ್ತದೆ ಎಂದು ಮೇಡಂ ಗೊತ್ತುಮಾಡಿದರು. ಮಾಸ್ತರು ಬರೆದುಕೊಟ್ಟರೆ ನನ್ನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಮೂಳೆಗಳೆಲ್ಲ ಉಗ್ರಾಣಕ್ಕೆ, ನಾನು ಮನೆಗೆ.

ಇನ್ನು ನನ್ನ ದೊಡ್ಡ ಎಡವಟ್ಟಿಗೆ ಬರುತ್ತೇನೆ. ಬೆನ್ನು, ಎದೆಗೂಡು ಹೇಗೋ ಮುಗಿಸಿದೆ. ಕಾಲಿಗೆ ಬಂದಾಗ ಕಣ್ಣು ಕಟ್ಟಿದಂತಾಯಿತು. ಮಾಸ್ತರು ಪಾದ ಕಟ್ಟುವಾಗ ನನಗೆ ಯಾವತ್ತೂ ಕಂಡಿರಲಿಲ್ಲ. ನನಗೆ ಗೊತ್ತಿದ್ದದ್ದು ಮ್ಯೂಸಿಯಮ್ಮಿನ ಮನುಷ್ಯನ ಪಾದ, ನನ್ನ ಪಾದ. ಐದು ಬೆರಳೂ ಸಾಲಾಗಿ ಮುಂದಕ್ಕೆ. ರಾಣಿಯ ಹೆಬ್ಬೆರಳ ಮೂಳೆ ಮಾತ್ರ ಸಾಲಿಗೆ ಬರಲೊಲ್ಲದು. ಬುಡ ಕೂರಿಸಿದರೆ ತುದಿ ಆಚೆ ಹೋಗುತ್ತದೆ, ತುದಿ ಒತ್ತಿದರೆ ಬುಡ ಏಳುತ್ತದೆ. ಎರಡು ದಿನ ಗುದ್ದಾಡಿದೆ. ಮೂರನೆಯ ದಿನ ಸಿಟ್ಟು ಬಂದು ಅರ ತೆಗೆದುಕೊಂಡು ಬಲಗಾಲಿನ ಆ ಬುಡವನ್ನು ಉಜ್ಜತೊಡಗಿದೆ.

ಅರದ ಸದ್ದಿಗೆ ಮಾಸ್ತರು ಎದ್ದು ಬಂದರು. ಬೆರಳಲ್ಲಿ ಮೂಳೆ ಸವರಿ, ಪುಡಿ ಮೂಸಿ ನೋಡಿದರು.

"ಏನ್ ಮಾಡಾಕತ್ತೀಯವಾ? ಎಲುಬು ಉಜ್ಜತಾರೇನು? ಯಾರ ಕಾಲಿದು? ನಿಂದೇನು?"

ಕೈಯಲ್ಲಿದ್ದ ಅರವನ್ನು ನಾನು ನೆಲಕ್ಕೆ ಎಸೆದೆ. ನನ್ನ ಬಾಯಿ ಮೊದಲಿಂದಲೂ ಒಳ್ಳೆಯದಲ್ಲ. ಸಿಟ್ಟು ಬಂದರೆ ಅಬ್ಬಿಗೆರೆಯಲ್ಲಿ ಹುಟ್ಟಿ ಬೆಳೆದ ಮಾತೇ ಬರುವುದು.

"ಇಂಗ್ಯಾಕೆ ಆಡ್ತೀರಿ ಮಾಸ್ತರೇ? ಮೂರು ವರ್ಷ ನಿಮ್ಮ ಬೆನ್ನೊಂದೇ ನೋಡೀನಿ ನಾನು! ಪಾದ ಕಟ್ಟೋದು ಎಂಗೆ ಅಂತ ಒಂದಿನ ತೋರ್ಸಿದ್ರಾ? ಆ ರಾಣಿ, ಮರೀಗೆ ಬಂತಾ ಇಲ್ವಾ ಅಂತ ಒಂದ್ಸಲಾನೂ ತಿರುಗಿ ನೋಡ್ಲಿಲ್ವಂತೆ. ಅದು ಮೂಕ ಪ್ರಾಣಿ. ನಿಮಗೇನಾಗೈತೆ?"

ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನನ್ನ ಅನ್ನ ಅವರ ಸಹಿಯಲ್ಲಿತ್ತು. ಮಾಸ್ತರು ಟೋಪಿ ತೆಗೆದು, ಮತ್ತೆ ಹಾಕಿಕೊಂಡು, ಛತ್ರಿ ಹಿಡಿದು ಹೊರಟುಹೋದರು. ಆಗಿನ್ನೂ ಮಧ್ಯಾಹ್ನ ಮೂರು ಗಂಟೆ. ಶನಿವಾರ.

ಭಾನುವಾರವಿಡೀ ಹಿಡಿದ ಕೆಲಸವನ್ನು ಹಿಡಿದಲ್ಲೇ ಬಿಡುತ್ತಿದ್ದೆ. ಅತ್ತೆ ಏನಾಯ್ತೇ ಎಂದು ಕೇಳಿದರೆ ತಲೆನೋವು ಅಂದೆ. ಬಾಗಿಲಲ್ಲಿ ಮಂಗಳೆ ಒಂದು ಬಟ್ಟೆ ಗೊಂಬೆಗೆ ಊಟ ಮಾಡಿಸುತ್ತಿದ್ದಳು. ಮೂರು ವರ್ಷದ ಮಗು. ಗೊಂಬೆಯ ಕೈಯಲ್ಲಿ ಚಮಚ ಸಿಕ್ಕಿಸಿ, "ಇಂಗಲ್ಲ ಪುಟ್ಟಿ, ಇಂಗೆ... ನಿಧಾನ" ಎನ್ನುತ್ತಿದ್ದಳು. ಗೊಂಬೆಯ ಮುಖಕ್ಕೆ ಬಗ್ಗಿ, "ಬಂತಾ?" ಎಂದು ಕೇಳಿದಳು. ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಅಲ್ಲೇ ಕೂತುಬಿಟ್ಟೆ. ಈ ಮಗುವಿಗೆ ಇದನ್ನು ಯಾರು ಕಲಿಸಿದರು? ಬೀಗ ತೆಗೆಯಬಲ್ಲ, ಸೈಕಲ್ಲು ಬಿಡಬಲ್ಲ ರಾಣಿಗೆ ಬಾರದ್ದು, ಮೂಗು ಒರೆಸಿಕೊಳ್ಳಲೂ ಬಾರದ ಇವಳಿಗೆ ಬರುತ್ತದಲ್ಲ. ಆಶ್ಚರ್ಯಕ್ಕೋ ಭಯಕ್ಕೋ ಕಣ್ಣಲ್ಲಿ ನೀರು ಬಂತು. ಕಾಡಿನಲ್ಲಿ ಚಿಂಪಾಂಜಿ ತಾಯಂದಿರು ಅಪರೂಪಕ್ಕೊಮ್ಮೆ ಮರಿಗೆ ತೋರಿಸಿಕೊಡುವುದನ್ನು ಕಂಡವರಿದ್ದಾರೆ ಎಂದು ಎಷ್ಟೋ ವರ್ಷದ ಮೇಲೆ ಮೇಡಂ ಹೇಳಿದರು. ಇರಬಹುದು, ದಾಯಾದಿಗಳಲ್ಲವೇ. ಅವರಿಗೆ ಅಪರೂಪವಾದದ್ದು ನಮ್ಮ ಮಕ್ಕಳಿಗೆ ಆಟ.

ಸೋಮವಾರ ಬೆಳಿಗ್ಗೆ ಕ್ಷಮೆ ಕೇಳುವ ಮಾತನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡು ಹೋದೆ. ಮಾಸ್ತರು ನನಗಿಂತ ಮುಂಚೆ ಬಂದಿದ್ದರು. ಮೇಜಿನ ಪಕ್ಕ ಎರಡನೆಯ ಸ್ಟೂಲು ಹಾಕಿಟ್ಟಿದ್ದರು. ಆ ಕೋಣೆಯಲ್ಲಿ ಎರಡನೆಯ ಸ್ಟೂಲನ್ನು ನಾನು ನೋಡಿದ್ದು ಅದೇ ಮೊದಲು.

"ಬಾ, ಕೂಡು" ಅಂದರು.

ಕೂತೆ. ಅವರು ಬಹಳ ಹೊತ್ತು ರಾಣಿಯ ಪಾದದ ಮೂಳೆಗಳನ್ನು ಸವರುತ್ತಾ ಇದ್ದರು. ಆಮೇಲೆ ಮೆತ್ತಗೆ, "ನೀ ಅಂದಿದ್ದು ಖರೆ ಐತಿ. ಆದ್ರ ನಾ ಬೇಕಂತ ಮುಚ್ಚಿಟ್ಟಿಲ್ಲವಾ. ನಮ್ಮ ಗುರುವೂ ನನಗ ಬೆನ್ನ ತೋರಿಸಿದಾಂವ. ಹನ್ನೊಂದು ವರ್ಷ ಕದ್ದು ನೋಡಿ ಕಲ್ತೀನಿ. ಕಲಿಸೂದು ಹ್ಯಾಂಗಂತ ನನಗ ಗೊತ್ತಿಲ್ಲ" ಎಂದರು. "ಕೇಳಾಕ ನಾಚಿಕಿ ಆಗತಿತ್ತು. ಇಷ್ಟ ವಯಸ್ಸಾದ ಮ್ಯಾಲೆ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಎನ್ನಿಸಿತು. ಬಾಯಿಪಾಠ ಮಾಡಿಕೊಂಡ ಮಾತೆಲ್ಲ ಮರೆತುಹೋಯಿತು. "ತಪ್ಪಾಯ್ತು ಮಾಸ್ತರೇ" ಎಂದಷ್ಟೇ ಅಂದೆ.

"ಕೈ ಕೊಡು. ಕಣ್ ಮುಚ್ಚು" ಎಂದರು.

ಕಣ್ಣು ಮುಚ್ಚಿದೆ. ಒಂದು ಬೆರಳಿನಲ್ಲಿ ಹೆಬ್ಬೆರಳ ಮೂಳೆಯ ಬುಡ, ಇನ್ನೊಂದರಲ್ಲಿ ಅದು ಕೂರುವ ಪಾದದ ಮೂಳೆ ಇಟ್ಟರು. ನನ್ನ ಬೆರಳುಗಳ ಮೇಲೆ ಅವರ ಬೆರಳುಗಳು. ಮೂವತ್ತು ವರ್ಷ ಎಲ್ಲೂ ತಡೆಯದೆ ಓಡಿದ ಆ ಕೈಗಳು ಆವತ್ತು ನನಗಾಗಿ ನಿಧಾನವಾದವು. ಒಂದು ಕೂದಲೆಳೆ ಸರಿಸಿ ನಿಲ್ಲುವುದು, ನನಗೆ ತಿಳಿಯಿತೇ ಎಂದು ಕಾಯುವುದು, ಮತ್ತೆ ಸರಿಸುವುದು.

"ಎಲುಬು ಎಲಬಿನ್ಯಾಗ ತಾನ ಕೂಡತೈತಿ. ಕೂಡಲಿಲ್ಲಂದ್ರ ನೀ ಒತ್ತಾಯ ಮಾಡಾಕತ್ತಿ ಅಂತ ತಿಳಿ. ಬಿಡು. ಅದು ಯಾ ಕಡೆ ಹೊಕ್ಕೈತಿ, ಹೋಗಲಿ ಬಿಡು."

ಬಿಟ್ಟೆ. ಮೂಳೆ ತಾನಾಗಿ ಹೊರಗಡೆಗೆ ತಿರುಗಿ, ಚಿಟಿಕೆಯ ಸದ್ದಿನಷ್ಟು ಸದ್ದು ಮಾಡಿ ಕೂತಿತು.

"ಬಂತೇನವಾ?" ಎಂದರು ಮಾಸ್ತರು.

ಕಣ್ಣು ತೆರೆದರೆ ನನ್ನ ಮುಂದೆ ಇದ್ದದ್ದು ಪಾದವಲ್ಲ, ಕೈ. ಹೆಬ್ಬೆರಳು ಅಗಲಕ್ಕೆ ಚಾಚಿ, ಕೊಂಬೆ ಹಿಡಿಯಲು ತಯಾರಾದ ಕೈ. ನನ್ನ ತೋರುಬೆರಳನ್ನು ನಡುವೆ ಇಟ್ಟು ಮೂಳೆಗಳನ್ನು ಮಡಿಸಿದೆ. ಮಂಗಳೆ ಹುಟ್ಟಿದ ದಿನ ಹಿಡಿದಂತೆ ರಾಣಿ ನನ್ನ ಬೆರಳನ್ನು ಹಿಡಿದಳು. ಕತ್ತಿನವರೆಗೂ ರೋಮ ಎದ್ದುನಿಂತವು. ನಾವೇನು ಬಿಟ್ಟುಕೊಟ್ಟೆವು, ಏನು ಪಡೆದೆವು ಎಂದು ನನಗೆ ಆ ಕ್ಷಣ ತಿಳಿಯಿತು. ಹಿಡಿಯುವ ಒಂದು ಜೋಡಿ ಕೈಯನ್ನು ನೆಲಕ್ಕೆ ಕೊಟ್ಟು, ನಡೆಯುವ ಪಾದ ಮಾಡಿಕೊಂಡೆವು. ಉಳಿದ ಜೋಡಿ ಬಿಡುವಾಯಿತು. ಆ ಬಿಡುವಾದ ಕೈಯಿಂದಲೇ ಮಾಸ್ತರು ನನ್ನ ಕೈ ಹಿಡಿದು ತೋರಿಸುತ್ತಿದ್ದರು.

ಮುಂದಿನ ಮೂರು ವಾರ ನಾವು ಮಾತಾಡಿದಷ್ಟು ಹಿಂದಿನ ಮೂರು ವರ್ಷದಲ್ಲಿ ಮಾತಾಡಿರಲಿಲ್ಲ. ರಾಣಿಯನ್ನು ನೆಟ್ಟಗೆ ನಿಲ್ಲಿಸದೆ, ಅವಳು ನಡೆಯುತ್ತಿದ್ದ ಹಾಗೆಯೇ ಮುಂದಕ್ಕೆ ಬಾಗಿಸಿ, ಕೈಬೆರಳ ಗೆಣ್ಣುಗಳನ್ನು ನೆಲಕ್ಕೆ ಊರಿಸಿ ನಿಲ್ಲಿಸಿದೆವು. ಕೆಂಪು ಫ್ರಾಕನ್ನು ಮಡಿಸಿ ಬೀರುವಿನಲ್ಲಿಟ್ಟೆ. ಅವಳಿಗೆ ಇನ್ನು ಅದು ಬೇಕಿರಲಿಲ್ಲ.

ಸಮಿತಿಯಲ್ಲಿ ಮೂವರು ಬಂದರು. ಹಿರಿಯರಂತೆ ಕಂಡ ಒಬ್ಬರು ರಾಣಿಯ ಸುತ್ತ ಒಂದು ಸುತ್ತು ಹಾಕಿದರು.

"ಏನಮ್ಮಾ, ಇದನ್ನ ಯಾಕೆ ಹೀಗೆ ಬಗ್ಗಿಸಿದ್ದೀಯ? ಮನುಷ್ಯನ ಪಕ್ಕ ನೆಟ್ಟಗೆ ನಿಲ್ಸಿದ್ರೆ ಗ್ರ್ಯಾಂಡ್ ಆಗಿ ಕಾಣ್ತಿತ್ತು."

"ಕಾಣ್ತಿತ್ತು ಸಾರ್, ಆದ್ರೆ ಸುಳ್ಳಾಗ್ತಿತ್ತು" ಎಂದೆ. ಬುರುಡೆಯ ತೂತು, ಸೊಂಟ, ಮಂಡಿ ಎಲ್ಲ ತೋರಿಸಿದೆ. ಮೇಡಂ ಹಿಂದೆ ನಿಂತು ತುಟಿ ಬಿಗಿಹಿಡಿದಿದ್ದರು. ಆಮೇಲೆ ಆ ಹಿರಿಯರು ಮನುಷ್ಯನ ಪಾದದ ಇಪ್ಪತ್ತಾರು ಬಿಡಿ ಮೂಳೆಗಳನ್ನು ಟ್ರೇಗೆ ಸುರಿದು, ನಮ್ಮೆದುರಿಗೆ ಕಟ್ಟು ಎಂದರು. ಮಾಸ್ತರು ಮಾತಾಡಕೂಡದು ಎಂದರು. ಮಾಸ್ತರು ಬಾಗಿಲ ಬಳಿ ಸ್ಟೂಲಿನಲ್ಲಿ ಕೂತರು, ಈ ಸಲ ನನ್ನ ಕಡೆಗೆ ಮುಖ ಮಾಡಿ.

ಕಣ್ಣು ಮುಚ್ಚಿಕೊಂಡು ಮೊದಲ ಎರಡು ಮೂಳೆ ಕೂಡಿಸಿದೆ. ಕೂತವು. ತಂತಿ ತೆಗೆದು ಮೇಜಿನ ಅಂಚಿಗೆ ಟಕ್ ಟಕ್ ಟಕ್ ಎಂದು ಕುಟ್ಟಿ ತೂರಿಸಿದೆ. ಹತ್ತು ಹನ್ನೆರಡು ತಂತಿ ಆದ ಮೇಲೆ ಆ ಹಿರಿಯರಿಗೆ ತಡೆಯಲಾಗಲಿಲ್ಲ.

"ಅದ್ಯಾಕಮ್ಮಾ ಪ್ರತೀ ಸಲ ಕುಟ್ಟೋದು?"

ನನಗೆ ಗೊತ್ತಿರಲಿಲ್ಲ. ನಾನು ಮಾಸ್ತರ ಮುಖ ನೋಡಿದೆ.

"ನನಗೂ ಗೊತ್ತಿಲ್ರಿ ಸಾಹೇಬ್ರ. ನಮ್ಮ ಗುರು ಕುಟ್ಟತಿದ್ದ" ಎಂದರು ಮಾಸ್ತರು.

ಎಲ್ಲರೂ ನಕ್ಕರು, ಮೇಡಂ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಈಚೆಗೆ ನಾನೆಲ್ಲೋ ಓದಿದೆ: ಮನುಷ್ಯರ ಮಕ್ಕಳು ದೊಡ್ಡವರು ಮಾಡಿದ್ದನ್ನು, ಬೇಡದ್ದನ್ನೂ ಸೇರಿಸಿ, ಹಾಗೆಯೇ ಮಾಡುತ್ತಾರಂತೆ. ಚಿಂಪಾಂಜಿ ಬೇಡದ್ದನ್ನು ಬಿಟ್ಟು ನೇರವಾಗಿ ಹಣ್ಣಿಗೆ ಕೈಹಾಕುತ್ತದಂತೆ. ಜಾಣರು ಯಾರು ಎಂದು ನನ್ನನ್ನು ಕೇಳಬೇಡಿ. ಯಾರೋ ಕಾಣದ ಗುರುವಿನ ಆ ಮೂರು ಟಕ್ಕು ನನ್ನ ಕೈಗೆ ಬಂದು ತಲುಪಿದ್ದಂತೂ ನಾವು ನಾವಾಗಿರುವುದರಿಂದಲೇ.

ಪಾದ ಮುಗಿಸಿ ಮೇಜಿನ ಮೇಲಿಟ್ಟೆ. ಸಮಿತಿಯವರು ಮಾಸ್ತರಿಗೆ ಕಾಗದ ಕೊಟ್ಟರು. ಅವರು ಪೆನ್ನು ಹಿಡಿದು, ಮುಖವನ್ನು ಕಾಗದಕ್ಕೆ ತೀರಾ ಹತ್ತಿರ ತಂದು, ಬರೆಯದೆ ನಿಂತರು. ಅರದ ಗೀರು ನೆನಪಾಯಿತು, ನಾನು ಆಡಿದ ಮಾತು ನೆನಪಾಯಿತು. ಮಾಸ್ತರು ತಲೆಯೆತ್ತಿ, ಪೊರೆ ಬಂದ ಕಣ್ಣಿಂದ ನಾನಿದ್ದ ಕಡೆಗೆ ತಿರುಗಿ ನೋಡಿದರು.

"ಬಂತೇನವಾ?"

"ಬಂತು ಮಾಸ್ತರೇ."

ಬರೆದರು. ಅಕ್ಷರಗಳು ಒಂದರ ಮೇಲೊಂದು ಹತ್ತಿದ್ದವು. ಸಮಿತಿಯವರು ಓದಿದಾಗ ನನಗೆ ಕೇಳಿಸಿದ್ದು: "ಈಕೆ ತಾನೇ ಜೋಡಿಸಬಲ್ಲಳು. ಕಲಿಸಲೂ ಬಲ್ಲಳು." ಎರಡನೆಯ ಮಾತನ್ನು ಆದೇಶದಲ್ಲಿ ಯಾರೂ ಕೇಳಿರಲಿಲ್ಲ. ಅದು ಬೇಕಿಲ್ಲ, ಹೊಡೆದುಹಾಕೋಣ ಎಂದು ಒಬ್ಬರು ಅಂದರು. ಹೊಡೀಬ್ಯಾಡ್ರಿ, ಇರಲಿ ಅಂದರು ಮಾಸ್ತರು.

ಒಂದೆರಡು ವರ್ಷದ ಮೇಲೆ ಮೇಡಂ ಒಂದು ಫೋಟೋ ತಂದು ತೋರಿಸಿದರು. ಆಫ್ರಿಕಾದಲ್ಲಿ ಜ್ವಾಲಾಮುಖಿಯ ಬೂದಿಯ ಮೇಲೆ, ಮೂವತ್ತೈದು ಲಕ್ಷ ವರ್ಷಕ್ಕೂ ಹಿಂದೆ, ಎರಡು ಕಾಲಿನಲ್ಲಿ ನಡೆದು ಹೋದವರ ಹೆಜ್ಜೆಗಳು ಕಲ್ಲಾಗಿ ಸಿಕ್ಕಿದ್ದವು. ಹೆಬ್ಬೆರಳು ನಮ್ಮ ಹಾಗೆಯೇ ಸಾಲಿನಲ್ಲಿತ್ತು. ತಲೆ ಇನ್ನೂ ರಾಣಿಯದರಷ್ಟೇ ಇದ್ದಿರಬೇಕು ಎಂದರು ಮೇಡಂ. "ಇಲ್ನೋಡು, ಇನ್ನೊಬ್ಬರು ಮುಂದಿನವರ ಹೆಜ್ಜೆ ಮೇಲೇ ಹೆಜ್ಜೆ ಇಟ್ಕೊಂಡು ಹೋಗಿದಾರೆ" ಎಂದು ಬೆರಳಿಟ್ಟು ತೋರಿಸಿದರು. ನಾನು ಆ ಭಾನುವಾರ ಫೋಟೋ ಹಿಡಿದು ಕೆಂಪಾಪುರಕ್ಕೆ ಹೋದೆ. ಮಾಸ್ತರಿಗೆ ಆಗ ಏನೂ ಕಾಣುತ್ತಿರಲಿಲ್ಲ. ಅಂಗಳದಲ್ಲಿ ಒದ್ದೆ ಮಣ್ಣು ತಟ್ಟಿ, ಅದರ ಮೇಲೆ ನಾನು ನಾಲ್ಕು ಹೆಜ್ಜೆ ನಡೆದು, ಅವರ ಕೈಯನ್ನು ಆ ಗುರುತುಗಳಲ್ಲಿ ಇಟ್ಟು ವಿವರಿಸಿದೆ. ಮಾಸ್ತರು ಹಿಮ್ಮಡಿಯಿಂದ ಹೆಬ್ಬೆರಳವರೆಗೆ ಸವರಿ, ಎದ್ದು ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದುಕೊಂಡು ಅದೇ ಗುರುತಿನಲ್ಲಿ ತಮ್ಮ ಪಾದವಿಟ್ಟರು. ನಾನು ಕೇಳಬೇಕಾದ್ದನ್ನು ಕೇಳಿದೆ. ಬಂತವಾ, ಬಂತು ಅಂದರು.

ಈಗ ನೀವು ತಂತಿ ಬಿಟ್ಟು ಅಂಟು ಹಚ್ಚುತ್ತೀರಿ, ತೊಟ್ಟಿಯ ಬದಲು ಯಂತ್ರವಿದೆಯಂತೆ, ಬಸ್ಸಿನಲ್ಲಿ ಜನ ಎದ್ದುಹೋಗುವುದಿಲ್ಲವಂತೆ. ಒಳ್ಳೆಯದೇ ಆಯಿತು. ಹೊಸಬರು ಯಾರು ಬಂದರೂ ನಾನು ಮೊದಲು ಮಾಡುತ್ತಿದ್ದದ್ದು ಒಂದೇ ಕೆಲಸ. ರಾಣಿಯ ಗಾಜಿನ ಬಾಗಿಲು ತೆಗೆದು, ಅವರ ಬೆರಳನ್ನು ಅವಳ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಮುಟ್ಟಿಸುತ್ತಿದ್ದೆ. ನನ್ನ ಅರದ ಎರಡು ಗೀರು ಅಲ್ಲಿ ಇನ್ನೂ ಇವೆ. ಬಣ್ಣ ಹಚ್ಚಿ ಮುಚ್ಚಬೇಡಿ. ನಿಮ್ಮ ನಂತರ ಬರುವವರಿಗೆ ಅದನ್ನು ಮುಟ್ಟಿಸಿ. ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿ. ಕೈ ನಿಧಾನ ಮಾಡಿ. ಆಮೇಲೆ ಅವರ ಮುಖ ನೋಡಿ ಕೇಳಿ, ನಾನು ಈಗ ನಿಮ್ಮನ್ನು ಕೇಳುತ್ತಿರುವ ಹಾಗೆ.

ಬಂತಾ?